ಹಿಮದ ಇಳಿಜಾರು, ಸಣ್ಣಕ್ಷರದ ಕಾಗದ

ನಾರ್ವೆ ದೇಶದ ದಕ್ಷಿಣಕ್ಕೆ ಟೆಲೆಮಾರ್ಕ್ ಎಂಬ ಸೀಮೆಯಿದೆ. ಗುಡ್ಡ, ಕಣಿವೆ, ಸರೋವರಗಳ ನಾಡು. ಚಳಿಗಾಲವೆಂದರೆ ಅಲ್ಲಿ ಹಿಮವೇ ಹಿಮ. ಆ ಸೀಮೆಯ ಮೊರ್ಗೆಡಾಲ್ ಎಂಬ ಸಣ್ಣ ಊರಿನಲ್ಲಿ 1825ರಲ್ಲಿ ಸೋಂದ್ರೆ ನೋರ್‌ಹೈಮ್ ಹುಟ್ಟಿದ. ಇನ್ನೊಬ್ಬರ ಜಮೀನಿನ ಅಂಚಿನಲ್ಲಿ ಬಿಡಾರ ಕಟ್ಟಿಕೊಂಡು ದುಡಿಯುವವರ ಮನೆತನ ಅವನದು. ಹೊಟ್ಟೆಬಟ್ಟೆಗೆ ಕಷ್ಟವಿದ್ದರೂ ಹಿಮದ ಮೇಲೆ ಜಾರುವುದೆಂದರೆ ಅವನಿಗೆ ಪ್ರಾಣ. ಆಗಿನ ಸ್ಕೀ ಎಂದರೆ ಉದ್ದನೆಯ ಮರದ ಹಲಗೆ ಮತ್ತು ಬೂಟಿನ ಮುಂತುದಿಯನ್ನು ಮಾತ್ರ ಹಿಡಿದುಕೊಳ್ಳುವ ಒಂದು ಪಟ್ಟಿ. ನೆಟ್ಟಗೆ ಜಾರಬಹುದು, ಜಿಗಿದರೆ, ತಿರುಗಿದರೆ ಹಲಗೆ ಕಾಲಿನಿಂದ ಕಳಚಿ ಹೋಗುತ್ತಿತ್ತು. ನೋರ್‌ಹೈಮ್ ಮರದ ಎಳೆ ಬೇರುಗಳನ್ನು ಹುರಿ ಹೊಸೆದು ಹಿಮ್ಮಡಿಯ ಸುತ್ತ ಬಳಸಿ ಕಟ್ಟಿದ. ಹಲಗೆಯ ನಡುವನ್ನು ಕೆತ್ತಿ ಸಣ್ಣ ಮಾಡಿದ. ಹಿಮ್ಮಡಿ ಮೇಲಕ್ಕೆ ಏಳಬಹುದು, ಆದರೆ ಹಲಗೆ ಕಾಲು ಬಿಡುವುದಿಲ್ಲ. ಇಷ್ಟೇ ಮಾರ್ಪಾಡು. ಇಷ್ಟರಿಂದ ಇಳಿಜಾರಿನಲ್ಲಿ ಬೇಕಾದ ಕಡೆ ತಿರುಗುವ ವಿದ್ಯೆ ಅವನ ಕೈಗೆ, ಅಲ್ಲ, ಕಾಲಿಗೆ ಬಂತು.

1868ರಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ, ಸ್ಕೀ ಪಂದ್ಯ ನಡೆದಾಗ ಈ ಹಳ್ಳಿಗ ಹೋಗಿ ಪಟ್ಟಣದವರನ್ನು ಬೆರಗುಗೊಳಿಸಿ ಗೆದ್ದು ಬಂದ. ಆಗ ಅವನಿಗೆ 42-43ರ ಪ್ರಾಯ, ಮಕ್ಕಳೊಂದಿಗ. ಅವನ ಊರಿನ ತಿರುವಿಗೆ ಟೆಲೆಮಾರ್ಕ್ ತಿರುವು ಎಂಬ ಹೆಸರು ನಿಂತಿತು. ಹೆಸರು ಬಂತು, ಬಡತನ ಹೋಗಲಿಲ್ಲ. 1884ರಲ್ಲಿ ಸಂಸಾರ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟ; ಕೊನೆಗೆ ನೆಲೆ ನಿಂತದ್ದು ನಾರ್ತ್ ಡಕೋಟಾದ ಬಯಲು ಸೀಮೆಯಲ್ಲಿ. ಜಾರಲು ಒಂದು ದಿಬ್ಬವೂ ಸಿಗದಂಥ ಜಾಗ. 1897ರಲ್ಲಿ ಅಲ್ಲಿಯೇ ತೀರಿಕೊಂಡ. 1952ರ ಓಸ್ಲೋ ಚಳಿಗಾಲದ ಒಲಿಂಪಿಕ್ಸಿಗೆ ಜ್ಯೋತಿ ಹೊತ್ತಿಸಿದ್ದು ಗ್ರೀಸಿನಲ್ಲಲ್ಲ, ಮೊರ್ಗೆಡಾಲ್‌ನಲ್ಲಿ ಅವನು ಬೆಳೆದ ಮನೆಯ ಒಲೆಯಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಹಿಮ್ಮಡಿಯನ್ನೂ ಹಲಗೆಗೆ ಬಿಗಿಯುವ ಆಲ್ಪೈನ್ ಪದ್ಧತಿ ಮೇಲುಗೈ ಪಡೆಯಿತು. ಬೆಟ್ಟದ ನೆತ್ತಿಗೆ ಕೊಂಡೊಯ್ಯುವ ಲಿಫ್ಟುಗಳು ಬಂದವು; ಹತ್ತುವ ಶ್ರಮ ತಪ್ಪಿತು; ಇಳಿಯುವುದಷ್ಟೇ ಆಟವಾಯಿತು. ಟೆಲೆಮಾರ್ಕ್ ಮೂಲೆಗೆ ಸರಿಯಿತು. ಅದನ್ನು ಮತ್ತೆ ಎತ್ತಿಕೊಂಡವರು 1970ರ ದಶಕದಲ್ಲಿ ಅಮೆರಿಕದ ಕೊಲರಾಡೋ ಬೆಟ್ಟಗಳ ಹುಡುಗರು. ಲಿಫ್ಟಿನ ಸಾಲಿನಲ್ಲಿ ನಿಂತು ಬೇಸತ್ತವರಿಗೆ, ಜನ ತುಳಿಯದ ಹಿಮವನ್ನು ಹುಡುಕಿ ಹೋಗುವವರಿಗೆ ಇದು ಹೇಳಿ ಮಾಡಿಸಿದಂತಿತ್ತು. ಏಕೆಂದರೆ ಹಿಮ್ಮಡಿ ಬಿಡುವಾಗಿದ್ದರೆ ನಡೆಯಬಹುದು. ನಡೆಯಬಹುದಾದರೆ ಬೆಟ್ಟ ಹತ್ತಬಹುದು. ಹಲಗೆಯ ಅಡಿಗೆ ಅಂಟಿಸುವ ಪಟ್ಟಿಯೊಂದಿದೆ; ಹಿಂದೆ ಸೀಲ್ ಪ್ರಾಣಿಯ ಚರ್ಮ, ಈಗ ನೈಲಾನ್ ಅಥವಾ ಆಡಿನ ಕೂದಲಿನ ಬಟ್ಟೆ. ಬೆಕ್ಕಿನ ಮೈಯನ್ನು ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಒರಟು. ಈ ಪಟ್ಟಿಯದೂ ಅದೇ ಗುಣ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿಕೊಳ್ಳುತ್ತದೆ.

ಇಳಿಯುವಾಗ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹಲಗೆ ಅಷ್ಟು ಸರಾಗವಾಗಿ ಜಾರುವುದು ಏಕೆ? ಹಿಮ ನುಣ್ಣಗಿರುವುದರಿಂದ ಎಂದು ಮಕ್ಕಳು ಥಟ್ಟನೆ ಉತ್ತರ ಕೊಡುತ್ತಾರೆ. ಗಾಜು ಕೂಡ ನುಣ್ಣಗಿದೆ, ಅದರ ಮೇಲೆ ಹಲಗೆ ಹೀಗೆ ಓಡುವುದಿಲ್ಲ. ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು 1939ರಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಉಜ್ಜುವಿಕೆಯಿಂದ ಹುಟ್ಟುವ ಶಾಖ ಹಿಮದ ಕಣಗಳ ತುದಿಯನ್ನು ಕರಗಿಸಿ ಹಲಗೆಯ ಕೆಳಗೆ ಬಹು ತೆಳುವಾದ ನೀರಿನ ಪೊರೆ ಮಾಡುತ್ತದೆ. ಆ ಪೊರೆಯೇ ಎಣ್ಣೆಯಂತೆ ಕೆಲಸ ಮಾಡುತ್ತದೆ. ಘರ್ಷಣೆಯೇ ಘರ್ಷಣೆಯನ್ನು ಕಡಿಮೆ ಮಾಡುವ ಈ ವಿಚಿತ್ರದ ಬಗ್ಗೆ ಪ್ರೌಢಶಾಲೆಯ ಪುಸ್ತಕದಲ್ಲಿ ಒಂದು ಸಾಲಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಟೆಲೆಮಾರ್ಕ್ ತಿರುವಿನಲ್ಲಿ ಹೊರಗಿನ ಕಾಲು ಮುಂದೆ, ಒಳಗಿನ ಕಾಲು ಹಿಂದೆ. ಹಿಂದಿನ ಹಿಮ್ಮಡಿ ಎದ್ದು ಮಂಡಿ ಹಲಗೆಯ ಕಡೆಗೆ ಬಾಗುತ್ತದೆ. ಯಕ್ಷಗಾನದ ವೇಷಧಾರಿ ಮಂಡಿ ಹಾಕಲು ತಗ್ಗುವ ಕ್ಷಣವನ್ನು ನೆನೆದುಕೊಂಡರೆ ಚಿತ್ರ ಸರಿಯಾಗಿ ಮೂಡುತ್ತದೆ. ಗುರುತ್ವ ಕೇಂದ್ರ ಕೆಳಕ್ಕೆ ಬರುತ್ತದೆ, ಹಿಂದುಮುಂದಿನ ನೆಲೆ ಉದ್ದವಾಗುತ್ತದೆ. ನೋಡಲು ಬಹಳ ಸೊಗಸು. ಮಂಡಿಗೆ ಮಾತ್ರ ಸೊಗಸಲ್ಲ. ಆಲ್ಪೈನ್ ಸ್ಕೀಯಲ್ಲಿ ಬೂಟನ್ನು ಹಿಡಿಯುವ ಬೈಂಡಿಂಗ್ ನಿಗದಿ ಮಾಡಿದ ಬಲ ಮೀರಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ, ಮನೆಯ ಫ್ಯೂಸ್ ಇದ್ದಂತೆ. ಟೆಲೆಮಾರ್ಕ್ ಬೈಂಡಿಂಗ್‌ಗಳಲ್ಲಿ ಹಲವಕ್ಕೆ ಈ ಸೌಲಭ್ಯವಿಲ್ಲ. ಈಚಿನ ಕೆಲವು ಮಾದರಿಗಳಿಗೆ ಮಾತ್ರ ಇದೆ. ಬೂಟಿನಿಂದ ಹಲಗೆಯ ತುದಿಗೆ ಒಂದು ಮೀಟರ್ ಎಂದಿಟ್ಟುಕೊಳ್ಳಿ. ತುದಿ ಹಿಮದಲ್ಲಿ ಸಿಕ್ಕಿ ಪಕ್ಕಕ್ಕೆ 100 ನ್ಯೂಟನ್ ಬಲ ಬಿದ್ದರೆ ಕಾಲಿನ ಮೇಲೆ 100 ನ್ಯೂಟನ್ ಮೀಟರ್ ತಿರುಚುಬಲ. ಸನ್ನೆಯ ಲೆಕ್ಕ, ಏಳನೆಯ ತರಗತಿಯ ಮಗುವೂ ಮಾಡುತ್ತದೆ. ಹಿಮ್ಮಡಿ ಬಿಡುವಾಗಿರುವುದರಿಂದ ಮುಂದಕ್ಕೆ ಬೀಳುವಾಗ ಒಂದಿಷ್ಟು ಒತ್ತಡ ಕಡಿಮೆಯಾಗುತ್ತದೆ ಎಂಬುದೂ ನಿಜ. ಆದರೆ ಹಿಮಕುಸಿತಕ್ಕೆ ಸಿಕ್ಕವನ ಕಾಲಿನಿಂದ ಹಲಗೆ ಕಳಚದಿದ್ದರೆ ಅದು ಲಂಗರಿನಂತೆ ಅವನನ್ನು ಕೆಳಕ್ಕೆಳೆಯುತ್ತದೆ.

ವಿಮೆಯವರು ಟೆಲೆಮಾರ್ಕ್ ಎಂದ ಕೂಡಲೇ ಕನ್ನಡಕ ಸರಿಮಾಡಿಕೊಳ್ಳುವುದು ಮಂಡಿಯ ಕಾರಣಕ್ಕಷ್ಟೇ ಅಲ್ಲ. ಹತ್ತಬಲ್ಲವನು ಎಲ್ಲಿ ಬೇಕಾದರೂ ಹೋಗಬಲ್ಲ ಎಂಬುದು ಅವರ ನಿಜವಾದ ಚಿಂತೆ. ಸ್ಕೀ ತಾಣಗಳಲ್ಲಿ ಯಂತ್ರದಿಂದ ಹಿಮ ಸಮಮಾಡಿ, ಕಂಬ ನೆಟ್ಟು ಗುರುತಿಸಿದ ದಾರಿಗಳಿರುತ್ತವೆ. ಅಲ್ಲಿ ಬಿದ್ದರೆ ಕಾವಲಿನವರು ಸ್ಟ್ರೆಚರ್ ತರುತ್ತಾರೆ. ಗುರುತಿನ ದಾರಿ ಬಿಟ್ಟು ಹೊರಗೆ ಹೋದರೆ ಕಾವಲಿಲ್ಲ, ಕಂಬವಿಲ್ಲ. ಹೆಚ್ಚಿನ ಹಿಮಕುಸಿತಗಳು ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಜಾರಲು ಮಜ ಬರುವುದೂ ಅಲ್ಲಿಯೇ. ಯೂರೋಪಿನಲ್ಲಿ 1993ರಿಂದ ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗೆ ಅಂಕೆ ಕೊಟ್ಟು ಸಾರುತ್ತಾರೆ. ನಾರ್ವೆಯಲ್ಲಿ ಜಲಸಂಪನ್ಮೂಲ ಮತ್ತು ಇಂಧನ ನಿರ್ದೇಶನಾಲಯ 2013ರಿಂದ ಈ ಮುನ್ಸೂಚನೆಯ ಕೆಲಸ ನಡೆಸುತ್ತಿದೆ. ಹಿಮದಡಿ ಹೂತವನನ್ನು ಮೊದಲ ಹತ್ತು ನಿಮಿಷದೊಳಗೆ ತೋಡಿ ತೆಗೆದರೆ ಬದುಕುವ ಸಂಭವ ಬಹಳ ಹೆಚ್ಚು. ಅರ್ಧ ಗಂಟೆ ದಾಟಿದರೆ ಬಹಳ ಕಡಿಮೆ. ಹೆಲಿಕಾಪ್ಟರ್ ಅಷ್ಟು ಬೇಗ ಬರುವುದಿಲ್ಲ. ಜೊತೆಯವರ ಸಲಿಕೆಯೇ ಗತಿ. ಯಾವ ಪಾಲಿಸಿಯೂ ಆ ಹತ್ತು ನಿಮಿಷವನ್ನು ಕೊಂಡು ಕೊಡಲಾರದು.

ಹಾಗಾದರೆ ಪಾಲಿಸಿ ಕೊಡುವುದೇನು? ಆಸ್ಪತ್ರೆಯ ಖರ್ಚು, ಬೆಟ್ಟದಿಂದ ಇಳಿಸಿ ತರುವ ಖರ್ಚು, ಮಲಗಿಸಿಕೊಂಡು ಸ್ವದೇಶಕ್ಕೆ ಕಳುಹಿಸುವ ವಿಮಾನದ ಖರ್ಚು. ಇವು ಮೂರೂ ಬೇರೆ ಬೇರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಇದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. ದೇಶದಿಂದ ದೇಶಕ್ಕೆ ರೀತಿಯೂ ಬೇರೆ. ನಾರ್ವೆಯಲ್ಲಿ ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವುದು ಸರ್ಕಾರದ ಹೊಣೆ. ರೆಡ್ ಕ್ರಾಸಿನ ಸ್ವಯಂಸೇವಕರು ಜೊತೆಗೂಡುತ್ತಾರೆ, ಹುಡುಕಿದ್ದಕ್ಕೆ ಬಿಲ್ ಬರುವುದಿಲ್ಲ. ಆದರೆ ಯೂರೋಪಿನ ಹೊರಗಿನಿಂದ ಬಂದ ಪ್ರವಾಸಿ ಆಸ್ಪತ್ರೆಯ ಒಳಗೆ ಕಾಲಿಟ್ಟ ಮೇಲೆ ಪೂರ್ತಿ ಖರ್ಚು ಅವನದೇ. ಸ್ವಿಟ್ಸರ್ಲೆಂಡಿನಲ್ಲಿ 1952ರಲ್ಲಿ ಹುಟ್ಟಿದ ರೇಗಾ ಎಂಬ ವಾಯು ರಕ್ಷಣಾ ಸಂಸ್ಥೆಯಿದೆ. ಅದರ ಹಾರಾಟಕ್ಕೆ ಹಣ ಕೊಡಬೇಕು. ಜನ ವರ್ಷಕ್ಕಿಷ್ಟು ಎಂದು ವಂತಿಗೆ ಕೊಟ್ಟು ಅದರ ಪೋಷಕರಾಗಿರುತ್ತಾರೆ, ಅಂಥವರ ವಿಷಯದಲ್ಲಿ ಸಂಸ್ಥೆ ಬಿಲ್ಲನ್ನು ಮನ್ನಾ ಮಾಡಬಹುದು. ಇಟಲಿಯಲ್ಲಿ 2022ರ ಜನವರಿಯಿಂದ ಇನ್ನೊಂದು ಕಟ್ಟಳೆ: ಗುರುತಿನ ದಾರಿಯಲ್ಲಿ ಜಾರುವವನು ಬೇರೊಬ್ಬನಿಗೆ ಡಿಕ್ಕಿ ಹೊಡೆದು ಗಾಯ ಮಾಡಿದರೆ ಪರಿಹಾರ ಕೊಡುವ ವಿಮೆ ಕಡ್ಡಾಯ. ಸ್ಕೂಟರಿಗೆ ಥರ್ಡ್ ಪಾರ್ಟಿ ಇನ್ಷೂರೆನ್ಸ್ ಇರುವಂತೆ, ಸ್ಕೀಗೂ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೋಗಳ, ಅಂದರೆ ಈಗಿನ ದರದಲ್ಲಿ ಸುಮಾರು 30 ಲಕ್ಷ ರೂಪಾಯಿಗಳ, ವೈದ್ಯಕೀಯ ಪ್ರವಾಸ ವಿಮೆ ತೋರಿಸಲೇಬೇಕು. ತುರ್ತು ಚಿಕಿತ್ಸೆ, ಸ್ವದೇಶಕ್ಕೆ ಸಾಗಣೆ, ಸಾವು ಎಲ್ಲವೂ ಅದರಲ್ಲಿ ಸೇರಿರಬೇಕು. ವೀಸಾ ಕಚೇರಿ ನೋಡುವುದು ಅಷ್ಟನ್ನೇ. ಸ್ಕೀಯಿಂಗ್ ಸೇರಿದೆಯೋ ಇಲ್ಲವೋ ಎಂದು ಅವರು ಕೇಳುವುದಿಲ್ಲ. ಇಲ್ಲಿಯ ಬಹುತೇಕ ಪ್ರವಾಸ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳು ಹೊರತುಪಡಿಕೆಯ ಪಟ್ಟಿಯಲ್ಲಿರುತ್ತವೆ. ಬೇಕಿದ್ದರೆ ಹೆಚ್ಚು ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡರೂ ಗುರುತಿನ ದಾರಿಯೊಳಗೆ ಮಾತ್ರ, ಹೊರಗಾದರೆ ಅರ್ಹ ಮಾರ್ಗದರ್ಶಿಯ ಜೊತೆ ಮಾತ್ರ, ಪಂದ್ಯಕ್ಕೆ ಇಲ್ಲ, ಕುಡಿದಿದ್ದರೆ ಇಲ್ಲ, ಅಧಿಕಾರಿಗಳ ಎಚ್ಚರಿಕೆ ಮೀರಿದ್ದರೆ ಇಲ್ಲ ಎಂದು ಒಂದರ ಕೆಳಗೊಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಜಾಹೀರಾತಿನಲ್ಲಿ ನಗುವ ಸಂಸಾರದ ಚಿತ್ರ ಅಷ್ಟು ದೊಡ್ಡದಾಗಿ ಹಾಕುವವರಿಗೆ ಈ ಪುಟಕ್ಕೆ ಬಂದಾಗ ಮಾತ್ರ ಕಾಗದದ ಬರ ಬಂದಿರುತ್ತದೆ.

ಇನ್ನು ಲೆಕ್ಕ. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಸಾವಿರ ಜನ ಒಂದು ದಿನ ಜಾರಿದರೆ ಎರಡು ಮೂರು ಮಂದಿಗೆ ವೈದ್ಯರ ಬಳಿ ಹೋಗುವಂಥ ಪೆಟ್ಟಾಗುತ್ತದೆ ಎಂಬುದು ಈಚಿನ ದಶಕಗಳ ಅಂದಾಜು. ಸಾವಿರ ಜನ ಐದು ದಿನ ಜಾರಿದರೆ ಹತ್ತರಿಂದ ಹದಿನೈದು. ಅದರಲ್ಲಿ ಹೆಚ್ಚಿನವು ಉಳುಕು, ತರಚು. ಒಬ್ಬನಿಗೆ ಮಾತ್ರ ದೊಡ್ಡ ಏಟು ಬಿದ್ದು 20 ಲಕ್ಷ ರೂಪಾಯಿ ಬೇಕಾಯಿತೆಂದು ಭಾವಿಸಿ. ಸಾವಿರ ಜನರೂ ತಲಾ ಎರಡು ಸಾವಿರ ಹಾಕಿದ್ದರೆ ಆ ಹಣ ಕೂಡಿಬಿಟ್ಟಿತು. ಯಾರಿಗೆ ಏಟು ಬೀಳುತ್ತದೆಂದು ಯಾರೂ ಹೇಳಲಾರರು; ಎಷ್ಟು ಮಂದಿಗೆ ಬೀಳುತ್ತದೆಂದು ಸುಮಾರಾಗಿ ಹೇಳಬಹುದು. ಜನರ ಸಂಖ್ಯೆ ಹೆಚ್ಚಿದಷ್ಟೂ ಈ ಸುಮಾರು ನಿಖರಕ್ಕೆ ಹತ್ತಿರವಾಗುತ್ತದೆ. ಯಾಕೋಬ್ ಬರ್ನೂಲಿ ಇದನ್ನು ಗಣಿತದ ಮೂಲಕ ತೋರಿಸಿಕೊಟ್ಟ ಪುಸ್ತಕ 1713ರಲ್ಲಿ, ಅವನು ಸತ್ತ ಎಂಟು ವರ್ಷದ ಮೇಲೆ, ಅಚ್ಚಾಯಿತು. ಅದಕ್ಕೂ ಮೊದಲು 1693ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಬ್ರೆಸ್ಲಾವ್ ಪಟ್ಟಣದ ಜನನ ಮರಣಗಳ ದಾಖಲೆ ಹಿಡಿದು ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಬದುಕುಳಿಯುತ್ತಾರೆಂದು ಕೋಷ್ಟಕ ಮಾಡಿದ್ದ. ಆಕಾಶ ನೋಡುತ್ತಿದ್ದವನು ಸ್ಮಶಾನದ ಲೆಕ್ಕವನ್ನೂ ಬರೆದ.

ಪ್ರಯಾಣಕ್ಕೆಂದೇ ವಿಮೆ ಜನಸಾಮಾನ್ಯರ ಕೈಗೆ ಬಂದದ್ದು ರೈಲಿನಿಂದ. 1849ರ ಹೊತ್ತಿಗೆ ಇಂಗ್ಲೆಂಡಿನ ರೈಲು ನಿಲ್ದಾಣಗಳಲ್ಲಿ ಟಿಕೆಟ್ಟಿನ ಜೊತೆಗೇ ಅಪಘಾತ ವಿಮೆಯ ಚೀಟಿಯೂ ಮಾರಾಟವಾಗುತ್ತಿತ್ತು. ಭಾರತದಲ್ಲಿ 2016ರಿಂದ ಆನ್‌ಲೈನ್ ಟಿಕೆಟ್ ತೆಗೆಯುವಾಗ ಒಂದು ರೂಪಾಯಿಗೂ ಕಡಿಮೆ ದುಡ್ಡಿಗೆ ಇಂಥದೇ ವಿಮೆ ಸಿಗುತ್ತಿದೆ. ಕಾಲೇಜಿಗೆ ಓಡಾಡುವ ಎಷ್ಟು ಮಕ್ಕಳು ಆ ಚೌಕದಲ್ಲಿ ಗುರುತು ಹಾಕುತ್ತಾರೋ ಅವರೇ ಹೇಳಬೇಕು.

ಈ ತತ್ವ ಕರ್ನಾಟಕದ ಹಳ್ಳಿಗರಿಗೆ ಹೊಸದಲ್ಲ. ಮದುವೆಗೆ ಮುಯ್ಯಿ ಮಾಡುವುದು, ನಾಟಿಗೆ ಮುಯ್ಯಾಳು ಹೋಗುವುದು ಇದರ ನೆಂಟರೇ. ಒಬ್ಬನ ಮೇಲೆ ಒಮ್ಮೆಗೇ ಬೀಳುವ ಭಾರವನ್ನು ಹಲವರು ಸ್ವಲ್ಪ ಸ್ವಲ್ಪ ಹೊರುವುದು. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಹಣ ಕಟ್ಟಿ ಶಸ್ತ್ರಚಿಕಿತ್ಸೆಯ ಭರವಸೆ ಪಡೆದ. ಆ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು.

ಸಾಗರದ ಕಡೆಯ ಒಂದು ಅಡಿಕೆ ಸಂಘದ ಕಾರ್ಯದರ್ಶಿಯೊಬ್ಬರ ಮನೆಗೆ ಈ ಸಣ್ಣಕ್ಷರದ ಕಾಗದ ಬಂದದ್ದು ಮಗಳಿಂದ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅವಳಿಗೆ ನಾರ್ವೆಯ ಟ್ರಾಂಡ್‌ಹೈಮ್‌ನ ಒಂದು ಪ್ರಯೋಗಾಲಯದಲ್ಲಿ ಹತ್ತು ವಾರ ಕೆಲಸ ಕಲಿಯುವ ಅವಕಾಶ ಸಿಕ್ಕಿತ್ತು. ಜನವರಿಯಿಂದ ಮಾರ್ಚ್, ಅಂದರೆ ನಡು ಚಳಿಗಾಲ. ವೀಸಾಕ್ಕೆ ವಿಮೆ ಬೇಕೆಂದಾಗ ತಂದೆ ಕೇಳಿದ ಮೊದಲ ಪ್ರಶ್ನೆ, "ವಾಪಸು ಬಂದ ಮೇಲೆ ಈ ದುಡ್ಡು ತಿರುಗಿ ಕೊಡ್ತಾರಾ?"

"ಇಲ್ಲಪ್ಪ. ಇದು ಎಲ್‌ಐಸಿ ಥರ ಅಲ್ಲ. ಏನೂ ಆಗದಿದ್ರೆ ಹೋಯ್ತು ಅಷ್ಟೆ."

ಸಂಘದ ಗೋದಾಮಿಗೆ ರಾತ್ರಿ ಕಾವಲಿನವನನ್ನು ಇಟ್ಟು ಸಂಬಳ ಕೊಡುವವರು ಅವರು. ಕಳ್ಳ ಬರಲಿಲ್ಲವೆಂದು ಕಾವಲುಗಾರನ ಸಂಬಳ ವಾಪಸು ಕೇಳಿದವರಲ್ಲ. ಆದರೂ ವಿಮೆಯ ವಿಷಯಕ್ಕೆ ಬಂದರೆ ತಿಳಿದವರಿಗೂ ಈ ಪ್ರಶ್ನೆ ಬಾಯಿಗೆ ಬಂದುಬಿಡುತ್ತದೆ.

ಅರ್ಜಿಯಲ್ಲಿ ಒಂದು ಕಡೆ, ಚಳಿಗಾಲದ ಕ್ರೀಡೆಗಳಲ್ಲಿ ಭಾಗವಹಿಸುವಿರಾ ಎಂದು ಕೇಳಿತ್ತು. ಮಗಳು ಹೌದು ಎಂದು ಗುರುತು ಹಾಕಿದ್ದಳು. ಪ್ರೀಮಿಯಂ ಎರಡು ಸಾವಿರದಷ್ಟು ಏರಿತ್ತು.

"ಇದೇನಮ್ಮ? ಓದೋಕೆ ಹೋಗ್ತಿದೀಯೋ ಜಾರೋಕೆ ಹೋಗ್ತಿದೀಯೋ?"

"ಅಲ್ಲಿ ಲ್ಯಾಬಿನವರು ಶನಿವಾರ ಭಾನುವಾರ ಎಲ್ರೂ ಸ್ಕೀ ಮಾಡ್ತಾರಂತಪ್ಪ. ನಮ್ಮ ಪ್ರೊಫೆಸರ್ ಅಂತೂ ಟೆಲೆಮಾರ್ಕ್ ಮಾಡ್ತಾರೆ, ಹಿಮ್ಮಡಿ ಕಟ್ಟಲ್ಲ. ನೀನೂ ಬಾ, ಕಲಿಸ್ತೀವಿ ಅಂತ ಬರೆದಿದಾರೆ. ಕರೆದಾಗ ರೂಮಲ್ಲಿ ಕೂತ್ಕೊಳ್ಳೋಕಾಗತ್ತಾ?"

ತಾಯಿ ಅಡಿಗೆಮನೆಯಿಂದಲೇ ಹೇಳಿದರು, "ಹಿಮ್ಮಡಿ ಕಟ್ಟದಿದ್ರೆ ಬೀಳಲ್ವೇನೇ?" ಆ ಮನೆಯಲ್ಲಿ ಅಂದು ಕೇಳಿದ ಅತ್ಯಂತ ವೈಜ್ಞಾನಿಕ ಪ್ರಶ್ನೆ ಅದು. ಅಷ್ಟರಲ್ಲಿ ಬಂದಿದ್ದ ಸೋದರಮಾವ, ಬೆಂಗಳೂರಿನಲ್ಲಿ ನಾಲ್ಕಾರು ಸಲ ವಿದೇಶ ಸುತ್ತಿ ಬಂದವರು, ಸುಲಭದ ದಾರಿ ತೋರಿಸಿದರು. "ಇಲ್ಲ ಅಂತ ಬರಿಯೇ. ಎರಡು ಸಾವಿರ ಉಳಿಯುತ್ತೆ. ಏನಾದ್ರೂ ಆದ್ರೆ ರಸ್ತೆಲಿ ಕಾಲು ಜಾರ್ತು ಅಂದ್ರಾಯ್ತು. ಹಿಮದಲ್ಲಿ ನಡಿಯೋರೂ ಬೀಳ್ತಾರಲ್ಲ, ಯಾರು ನೋಡ್ತಾರೆ?"

ಇಂಥ ಸಲಹೆ ಕೊಡುವ ಮಾವಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ, ಮತ್ತು ಅವರು ಕೆಟ್ಟವರಲ್ಲ. ಕಾರ್ಯದರ್ಶಿಗಳು ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ಅವರ ಕಣ್ಣ ಮುಂದೆ ಇದ್ದದ್ದು ನಾರ್ವೆಯಲ್ಲ, ಊರಿನ ಒಂದು ತೋಟ. ಎರಡು ವರ್ಷದ ಹಿಂದೆ ಕೊಯ್ಲಿನ ಸಮಯದಲ್ಲಿ ಒಬ್ಬ ಕೊನೆಗೌಡ ಅಡಿಕೆ ಮರದಿಂದ ಮರಕ್ಕೆ ದಾಟುವಾಗ ಮರ ಮುರಿದು ಬಿದ್ದಿದ್ದ. ಜೀವ ಉಳಿಯಿತು, ಬೆನ್ನುಹುರಿ ಉಳಿಯಲಿಲ್ಲ. ತೋಟದ ಯಜಮಾನರು ಕೆಲಸದವರಿಗೆ ಅಪಘಾತ ವಿಮೆ ಮಾಡಿಸಿದ್ದರು. ಮಾಡಿಸದವರ ನಡುವೆ ಅದೇ ದೊಡ್ಡ ವಿಷಯ. ಆದರೆ ಅರ್ಜಿಯ ಉದ್ಯೋಗದ ಜಾಗದಲ್ಲಿ "ತೋಟದ ಕೂಲಿ" ಎಂದು ಬರೆಸಿದ್ದರು. ಮರ ಹತ್ತುವವನು ಎಂದು ಬರೆದರೆ ಕಂತು ಹೆಚ್ಚು. ಕಂಪನಿಯವರು ಪರಿಶೀಲನೆಗೆ ಬಂದರು, ಫೋಟೋ ತೆಗೆದುಕೊಂಡರು, ಆರು ವಾರದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರ ಕಳುಹಿಸಿದರು. ಅದನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಆತನ ಹೆಂಡತಿ ಸಂಘದ ಕಚೇರಿಗೆ ತಂದಾಗ ಓದಿ ಹೇಳಿದವರು ಈ ಕಾರ್ಯದರ್ಶಿಗಳೇ. ಆಕೆ ಎರಡು ಸಲ ಓದಿಸಿದರು. ಎರಡನೆಯ ಸಲ ಬೇರೆ ಅರ್ಥ ಬರಬಹುದೆಂದು ಕಾದಿದ್ದರೋ ಏನೋ. ಆಮೇಲೆ ಸಂಘದವರು ಚಂದಾ ಎತ್ತಿ ಕೊಟ್ಟ ಹಣ ಮಂಗಳೂರಿನ ಆಸ್ಪತ್ರೆಯ ಎರಡನೆಯ ವಾರಕ್ಕೆ ಮುಗಿದಿತ್ತು.

ವಿಮೆಯ ಕರಾರಿಗೆ ಬೇರೆ ಕರಾರುಗಳಿಗಿಲ್ಲದ ಒಂದು ನಿಯಮವಿದೆ. ಸಂತೆಯಲ್ಲಿ ಎಮ್ಮೆ ಕೊಳ್ಳುವವನು ಹಲ್ಲು ಎಣಿಸಿ ನೋಡಿಕೊಳ್ಳಬೇಕು. ಮಾರುವವನು ಎಲ್ಲವನ್ನೂ ತಾನಾಗಿ ಹೇಳಬೇಕೆಂದಿಲ್ಲ. ವಿಮೆಯಲ್ಲಿ ಹಾಗಲ್ಲ. ಅಪಾಯ ಎಷ್ಟಿದೆ ಎಂದು ಬಲ್ಲವನು ವಿಮೆ ಮಾಡಿಸುವವನೇ ಆದ್ದರಿಂದ ಅವನು ತನಗೆ ತಿಳಿದ ಮುಖ್ಯ ಸಂಗತಿಯನ್ನೆಲ್ಲ ಹೇಳಬೇಕು. ಪರಮ ಸದ್ಭಾವನೆ ಎಂದು ಕಾನೂನಿನ ಪುಸ್ತಕಗಳು ಇದನ್ನು ಕರೆಯುತ್ತವೆ. ಸಕ್ಕರೆ ಕಾಯಿಲೆ, ಹಳೆಯ ಮಂಡಿನೋವು, ಹತ್ತಲಿರುವ ಮರ, ಜಾರಲಿರುವ ಬೆಟ್ಟ ಎಲ್ಲವೂ ಇದರಲ್ಲಿ ಬಂದವು. ಮುಚ್ಚಿಟ್ಟದ್ದು ಸಣ್ಣದೇ ಇರಬಹುದು, ಉಳಿಸಿದ್ದು ಎರಡು ಸಾವಿರವೇ ಇರಬಹುದು. ಕ್ಲೇಮಿನ ದಿನ ಅದೇ ಬಾಗಿಲು ಮುಚ್ಚುವ ಅಗುಳಿಯಾಗುತ್ತದೆ. ಹಾಗೆಂದು ಕಂಪನಿಗಳು ನಿರಾಕರಿಸಿದ್ದೆಲ್ಲ ನ್ಯಾಯವೆಂದಲ್ಲ. ದೂರು ಕೇಳಲು ಭಾರತದಲ್ಲಿ 1998ರಿಂದ ವಿಮಾ ಒಂಬುಡ್ಸ್‌ಮನ್ ವ್ಯವಸ್ಥೆಯಿದೆ, ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅಲ್ಲಿಯೂ ಮೊದಲು ತೆರೆದು ನೋಡುವುದು ಅರ್ಜಿಯ ಆ ಪುಟವನ್ನೇ.

"ಹೌದು ಅಂತಲೇ ಇರಲಿ," ಎಂದರು ತಂದೆ ಕೊನೆಗೆ. "ಆದರೆ ಆ ಟೆಲೆಮಾರ್ಕು ಅನ್ನೋದು ಸೇರುತ್ತೋ ಇಲ್ವೋ ಬರೆದು ಕೇಳು. ಫೋನಲ್ಲಿ ಕೇಳಬೇಡ. ಕಾಗದದಲ್ಲಿ ಬರಲಿ."

ಮಗಳು ಕೇಳಿದಳು. ನಾಲ್ಕು ದಿನಕ್ಕೆ ಉತ್ತರ ಬಂತು. ಗುರುತಿನ ದಾರಿಯಲ್ಲಿ ಮಾಡುವ ಟೆಲೆಮಾರ್ಕ್ ಸ್ಕೀಯಿಂಗ್‌ಗೆ ರಕ್ಷಣೆ ಇದೆ, ಹೊರಗೆ ಇಲ್ಲ, ಮಾರ್ಗದರ್ಶಿ ಇದ್ದರೂ ಇಲ್ಲ. ಕಠಿಣ ಉತ್ತರವೇ, ಆದರೆ ಸ್ಪಷ್ಟ. ಗಡಿ ಎಲ್ಲಿದೆಯೆಂದು ಹೊರಡುವ ಮೊದಲೇ ಗೊತ್ತಾಯಿತು.

ಫೆಬ್ರವರಿಯಲ್ಲಿ ಲ್ಯಾಬಿನವರೆಲ್ಲ ಟ್ರಾಂಡ್‌ಹೈಮ್‌ನಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ದೂರದ ಒಪ್‌ಡಾಲ್‌ಗೆ ರೈಲಿನಲ್ಲಿ ಹೋದರು. ಮೊದಲ ದಿನ ಅವಳು ಬಾಡಿಗೆ ಹಲಗೆ ಕಟ್ಟಿಕೊಂಡು ಕಲಿಯುವವರ ಇಳಿಜಾರಿನಲ್ಲಿ ಐದು ವರ್ಷದ ಮಕ್ಕಳ ಜೊತೆ ಎದ್ದು ಬಿದ್ದು ಮಾಡಿದಳು. ಎರಡನೆಯ ದಿನ ಉಳಿದವರು ಹಲಗೆಗೆ ಪಟ್ಟಿ ಅಂಟಿಸಿಕೊಂಡು ದಾರಿಯಿಲ್ಲದ ಬೆಟ್ಟಕ್ಕೆ ಹೊರಟಾಗ ತಾನು ಬರುವುದಿಲ್ಲವೆಂದಳು. ಇಪ್ಪತ್ತರ ವಯಸ್ಸಿನಲ್ಲಿ, ಹೊರದೇಶದಲ್ಲಿ, ಹೊಸ ಗೆಳೆಯರ ಮುಂದೆ ಹಾಗೆ ಹೇಳುವುದು ಎಷ್ಟು ಕಷ್ಟವೆಂದು ಆ ವಯಸ್ಸನ್ನು ಮರೆಯದವರಿಗೆ ಗೊತ್ತು. ವಿಮೆಯ ಕಾರಣ ಹೇಳಲು ನಾಚಿಕೆಯಾಗಿ ಕಾಲು ನೋವು ಎಂದಳಂತೆ. ಪ್ರೊಫೆಸರ್ ಒತ್ತಾಯ ಮಾಡಲಿಲ್ಲ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ ಸಾಲು ಸಾಲು ಸಾವುಗಳಾದ ಮೇಲೆ ರೆಡ್ ಕ್ರಾಸ್ ಮತ್ತು ಅಲ್ಲಿಯ ಚಾರಣ ಸಂಘ ಸೇರಿ ಬೆಟ್ಟದ ನಿಯಮಗಳನ್ನು ನಾಡಿನಾದ್ಯಂತ ಪ್ರಚಾರ ಮಾಡಿದವು. ಸಕಾಲದಲ್ಲಿ ಹಿಂದಿರುಗಿ, ಹಿಂದಿರುಗುವುದರಲ್ಲಿ ಅವಮಾನವಿಲ್ಲ ಎಂಬುದು ಅದರಲ್ಲೊಂದು. ನಾರ್ವೆಯ ಮಕ್ಕಳಿಗೆ ಅದು ಬಾಯಿಪಾಠ.

ಕಾಲು ನೋವೆಂದು ಆಡಿದ ಸುಳ್ಳು ಮಧ್ಯಾಹ್ನದ ಹೊತ್ತಿಗೆ ನಿಜವಾಯಿತು. ಅದೇ ಕಲಿಯುವವರ ಇಳಿಜಾರಿನ ಕೊನೆಯಲ್ಲಿ, ಬಹುತೇಕ ಸಮತಟ್ಟಾದ ಜಾಗದಲ್ಲಿ, ತಿರುಗಲು ಹೋದಾಗ ಹಿಂದಿನ ಹಲಗೆಯ ತುದಿ ಮೆತ್ತನೆಯ ಹಿಮದೊಳಗೆ ಸಿಕ್ಕಿಕೊಂಡಿತು. ಬೈಂಡಿಂಗ್ ಬಿಡಲಿಲ್ಲ. ಮಂಡಿ ತಿರುಚಿತು. ಸ್ಕೀ ತಾಣದ ಕಾವಲಿನವರು ಬಂದು ಜಾರುಬಂಡಿಯಲ್ಲಿ ಮಲಗಿಸಿ ಇಳಿಸಿದರು. ಎಲ್ಲಿ ಬಿದ್ದಳು, ಎಷ್ಟು ಹೊತ್ತಿಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರು. ತುರ್ತು ಚಿಕಿತ್ಸಾಲಯದಲ್ಲಿ ಎಕ್ಸ್‌ರೇ, ಆಮೇಲೆ ಪಟ್ಟಣದಲ್ಲಿ ಸ್ಕ್ಯಾನಿಂಗ್. ಮೂಳೆ ಮುರಿದಿರಲಿಲ್ಲ, ಒಳಗಿನ ಒಂದು ತಂತು ಸ್ವಲ್ಪ ಹರಿದಿತ್ತು. ಶಸ್ತ್ರಚಿಕಿತ್ಸೆ ಬೇಡ, ಆರು ವಾರ ಪಟ್ಟಿ ಎಂದರು. ಎಲ್ಲ ಸೇರಿ ಬಿಲ್ಲು ಹತ್ತು ಸಾವಿರ ಕ್ರೋನರ್ ದಾಟಿತು, ಎಂಬತ್ತು ಸಾವಿರ ರೂಪಾಯಿಯ ಮೇಲೆ.

ಮಕ್ಕಳನ್ನು ಹೊರಗೆ ಕಳುಹಿಸುವ ತಂದೆತಾಯಂದಿರು ಮುಂದಿನದನ್ನು ಗಮನಿಸಬೇಕು. ಅವಳು ಮೊದಲು ಫೋನ್ ಮಾಡಿದ್ದು ಮನೆಗಲ್ಲ, ಪಾಲಿಸಿಯ ಮೇಲಿದ್ದ 24 ಗಂಟೆಯ ಸಹಾಯವಾಣಿಗೆ. ಆ ಸಂಖ್ಯೆಯನ್ನು ತಂದೆ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟುಕೊಟ್ಟಿದ್ದರು; ಮೊಬೈಲು ಚಳಿಗೆ ಸತ್ತುಹೋದರೆ ಎಂದು. ನಾರ್ವೆಯ ಆಂಬುಲೆನ್ಸಿನ ಸಂಖ್ಯೆ 113ನ್ನೂ ಅದರ ಕೆಳಗೇ ಬರೆದಿದ್ದರು. ದೊಡ್ಡ ಖರ್ಚಿಗೆ ಮೊದಲೇ ತಿಳಿಸದಿದ್ದರೆ ಆಮೇಲೆ ತಕರಾರು ತೆಗೆಯುವ ಪಾಲಿಸಿಗಳು ಬಹಳ. ಸಹಾಯವಾಣಿಯವರು ಕ್ಲೇಮಿನ ಸಂಖ್ಯೆ ಕೊಟ್ಟರು. ಅವಳು ಮೂಲ ಬಿಲ್ಲು, ವೈದ್ಯರ ಟಿಪ್ಪಣಿ, ಲಿಫ್ಟಿನ ಟಿಕೆಟ್, ಹಲಗೆಯ ಬಾಡಿಗೆ ರಸೀತಿ, ಎಲ್ಲಕ್ಕಿಂತ ಮುಖ್ಯವಾಗಿ ಕಾವಲಿನವರ ಆ ಚೀಟಿಯ ಪ್ರತಿ ಇವನ್ನೆಲ್ಲ ಜೋಪಾನ ಮಾಡಿದಳು. ಕಂಪನಿ ಎರಡು ಪ್ರಶ್ನೆ ಕೇಳಿತು: ಬಿದ್ದದ್ದು ಗುರುತಿನ ದಾರಿಯೊಳಗೋ ಹೊರಗೋ? ಹಲಗೆ ಯಾವ ಮಾದರಿಯದು? ಮೊದಲನೆಯದಕ್ಕೆ ಚೀಟಿ ಉತ್ತರ ಕೊಟ್ಟಿತು, ಎರಡನೆಯದಕ್ಕೆ ಕಂಪನಿಯೇ ಬರೆದಿದ್ದ ಹಳೆಯ ಪತ್ರ. ಅವಳು ಊರಿಗೆ ಬಂದು ಮೂರು ವಾರಕ್ಕೆ, ಪಾಲಿಸಿಯಲ್ಲಿ ಹೇಳಿದ್ದ 100 ಡಾಲರ್ ಕಡಿತ ಕಳೆದು ಉಳಿದ ಹಣ ಖಾತೆಗೆ ಬಂತು. ಸ್ಕೀ ತಾಣಕ್ಕೆ ಮುಂಗಡ ಕಟ್ಟಿದ್ದ ಮೂರನೆಯ ದಿನದ ಟಿಕೆಟ್ಟಿನ ಹಣ ಮಾತ್ರ ಬರಲಿಲ್ಲ. ಅದು ಬೇರೆ ಕಲಮು, ಆ ಕಲಮು ಕೊಂಡಿರಲಿಲ್ಲ.

ಹಿಮ್ಮಡಿ ಬಿಡುವಾಗಿರುವ ಇನ್ನೊಂದು ಸ್ಕೀಯಿಂಗ್ ಕ್ರಾಸ್ ಕಂಟ್ರಿ. ಅದರಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದಾರೆ. ಹಿಮ ಬೀಳದ ರಾಜ್ಯದ ಮಕ್ಕಳಿಗೆ ಇದೆಲ್ಲ ಏಕೆ ಎನ್ನುವ ಕಾಲ ಹೋಯಿತು. ಗುಲ್ಮಾರ್ಗಿಗೆ, ಔಲಿಗೆ ಕಾಲೇಜಿನ ಮಕ್ಕಳು ತಂಡ ಕಟ್ಟಿಕೊಂಡು ಹೋಗುತ್ತಿದ್ದಾರೆ. ದೇಶದೊಳಗಿನ ಪ್ರವಾಸವಾದ್ದರಿಂದ ವಿಮೆ ತೋರಿಸಿ ಎಂದು ಯಾವ ವೀಸಾ ಕಚೇರಿಯೂ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಮಂಡಿ ಅದೇ ಮಂಡಿ.

ಆ ಹುಡುಗಿ ಈಗ ಕುಂಟದೆ ನಡೆಯುತ್ತಾಳೆ. ಸೋದರಮಾವ ಈಚೆಗೆ ತಮ್ಮ ಮುಂದಿನ ಪ್ರವಾಸದ ಪಾಲಿಸಿಯನ್ನು ಅವಳಿಗೇ ಕೊಟ್ಟು ಓದಿಸಿದರಂತೆ. ಊರಿನ ತೋಟಗಳಲ್ಲಿ ಈಗೀಗ ನೆಲದ ಮೇಲೆ ನಿಂತೇ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಆದರೂ ಮರ ಹತ್ತುವವರು ಇದ್ದೇ ಇದ್ದಾರೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಅಪಘಾತ ವಿಮೆಯ ಯೋಜನೆ ಇದೆ. ಅಡಿಕೆ ಸಂಘದ ಕಾರ್ಯದರ್ಶಿಗಳು ತಮ್ಮ ಸದಸ್ಯರ ಕೆಲಸಗಾರರ ಗುಂಪು ವಿಮೆಗೆ ಈ ಮಳೆಗಾಲಕ್ಕೆ ಮೊದಲು ಹೊಸ ಅರ್ಜಿ ಅಚ್ಚು ಹಾಕಿಸಿದ್ದಾರೆ, ಕನ್ನಡದಲ್ಲಿ. ಉದ್ಯೋಗ ಎಂಬ ಕಲಮಿನ ಕೆಳಗೆ ಹೊಸದಾಗಿ ಒಂದು ಸಾಲು ಸೇರಿದೆ: "ಮರ ಹತ್ತುವವರೇ? ಹೌದು / ಇಲ್ಲ." ಉಳಿದ ಅಕ್ಷರಗಳಿಗಿಂತ ಅದನ್ನು ತುಸು ದಪ್ಪಗೆ ಹಾಕಬೇಕೆಂದು ಅಚ್ಚುಕೂಟದವನಿಗೆ ಹೇಳಿ, ಕರಡನ್ನು ಎರಡು ಸಲ ತಿದ್ದಿ ವಾಪಸು ಕಳುಹಿಸಿದ್ದರು.